ತಗ್ಗಿನ ಚುಕ್ಕಿ

ನಮ್ಮ ಚಿಕ್ಕಮ್ಮನಿಗೆ ಕಚೇರಿಯಲ್ಲಿ ಚುಕ್ಕಿಯಮ್ಮ ಎಂದೇ ಹೆಸರು. ಹುಲ್ಲು, ದಂಟು, ಮರದ ಸಿಪ್ಪೆಗಳಿಂದ ಇಂಧನ ತೆಗೆಯುವ ಕಾರ್ಖಾನೆಗಳಿಗೆ ಯಾವ ಹೊಲದ ಸರಕು ಯಾವ ದಾರಿಯಲ್ಲಿ ಹೋಗಬೇಕು, ನಡುವೆ ಎಲ್ಲಿ ಬಣವೆ ಒಟ್ಟಬೇಕು ಎಂದು ಇಡೀ ಸೀಮೆಗೆ ಯೋಜನೆ ಹಾಕುವುದು ಅವಳ ಕೆಲಸ. ಕಂಪ್ಯೂಟರ್ ಎಷ್ಟೇ ಲೆಕ್ಕ ಹಾಕಲಿ, ಗೋಡೆಯ ನಕ್ಷೆಗೆ ಅವಳು ಕೆಂಪು ಚುಕ್ಕಿ ಅಂಟಿಸುವ ತನಕ ಎಲ್ಲೂ ಬಣವೆ ಏಳುತ್ತಿರಲಿಲ್ಲ. ಊರಿನ ಲಾರಿಗಳಿಗೆಲ್ಲ ದಾರಿ ತೋರಿಸುವವಳು ತನ್ನ ಬಸ್ಸನ್ನೇ ತಪ್ಪಿಸಿಕೊಳ್ಳುತ್ತಾಳೆ ಎಂದು ಚಿಕ್ಕಪ್ಪ ರೇಗಿಸುತ್ತಿದ್ದ.

ಆ ಚಿಕ್ಕಪ್ಪನಿಗಾಗಿಯೇ ಅವಳು ಒಮ್ಮೆ ಲೆಕ್ಕ ಬದಿಗಿಟ್ಟು ಚುಕ್ಕಿ ಇಟ್ಟಳು. ಅವನು ಬಣವೆ ಕಾಯುವವನು. ಮಧ್ಯಾಹ್ನ ಬಿಸಿ ಊಟಕ್ಕೆ ಬರಲಿ ಎಂದು ತಮ್ಮ ಮನೆಯ ಹಿಂದಿನ ತಗ್ಗನ್ನೇ ಆರಿಸಿದಳು. ದಾರಿಗಳೂ ಅಲ್ಲೇ ಕೂಡುತ್ತಿದ್ದವು, ಯಾರೂ ಸೊಲ್ಲೆತ್ತಲಿಲ್ಲ. ತಗ್ಗಿನಲ್ಲಿ ತೇವ ನಿಲ್ಲುತ್ತದೆ. ತೇವ ಹಿಡಿದ ಹುಲ್ಲು ಒಳಗೊಳಗೇ ಕಾದು ಹೊತ್ತಿಕೊಳ್ಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಅದಕ್ಕೇ ಬಣವೆಗೆ ಕಬ್ಬಿಣದ ಸಲಾಕೆ ಚುಚ್ಚಿಟ್ಟು, ಆಮೇಲೆ ಎಳೆದು ಅಂಗೈಯಲ್ಲಿ ಹಿಡಿದು ನೋಡುತ್ತಾರೆ; ಹಿಡಿಯಲಾಗದಷ್ಟು ಬಿಸಿಯಿದ್ದರೆ ಬಣವೆ ಬಿಚ್ಚುತ್ತಾರೆ. ಚಿಕ್ಕಪ್ಪ ಸಲಾಕೆ ಚುಚ್ಚಲು ಮೇಲೆ ಹತ್ತಿದ. ಒಳಗೆ ಆಗಲೇ ಸುಟ್ಟು ಟೊಳ್ಳಾಗಿತ್ತು. ಬಣವೆ ಅವನನ್ನು ನುಂಗಿತು.

ಅಂದಿನಿಂದ ಚಿಕ್ಕಮ್ಮ ಎಲ್ಲವನ್ನೂ ಮುಟ್ಟಿ ನೋಡುತ್ತಾಳೆ. ಸುತ್ತಿಟ್ಟ ಹಾಸಿಗೆಯೊಳಗೆ ಕೈ ತೂರಿಸುತ್ತಾಳೆ, ಧಾನ್ಯದ ಮೂಟೆಯ ಬುಡಕ್ಕೆ, ಮಡಚಿಟ್ಟ ಬಟ್ಟೆಗಳ ನಡುವೆ. ಅವನ ದಿಂಬಿನ ಮೇಲೆ ದಿನವೂ ಅಂಗೈ ಇಟ್ಟು, ಇನ್ನೂ ಬೆಚ್ಚಗಿದೆ ಎನ್ನುತ್ತಾಳೆ. ಸುಳ್ಳೇಕೆ ಹೇಳಲಿ, ಆ ಮನೆಗೆ ಕಾಲಿಡಲು ನನಗೆ ಭಯ.

ಈ ವರ್ಷ ಇಡೀ ಸಾಗಣೆ ಜಾಲವನ್ನು ಹೊಸದಾಗಿ ಹೆಣೆಯಲು ಹೊರಟರು. ದಾರಿಗಳು ಕೂಡುವ ಜಾಗವೆಂದು ಕಂಪ್ಯೂಟರ್ ಈ ಸಲ ಅದೇ ತಗ್ಗನ್ನು ತೋರಿಸಿತು. ಅದಕ್ಕೇನು ಗೊತ್ತು, ಪಾಪ. ಒಣಗಿಸುವ ಯಂತ್ರ ಬರುತ್ತದೆ, ಹೆದರಬೇಕಿಲ್ಲ ಎಂದರು ಮೇಲಿನವರು. ಬಣವೆ ಕಾಯುವ ಕೆಲಸ ಸಿಕ್ಕಿದ್ದು ನನಗೆ. ನಮ್ಮ ಮನೆಯೂ ಆ ತಗ್ಗಿಗೆ ಹತ್ತಿರವೇ; ಅಮ್ಮ ತನ್ನ ತಂಗಿಯ ಬೆನ್ನು ಬಿದ್ದಳು.

"ಅಲ್ಲೇ ಇಡೇ. ಮಗ ಕಣ್ಮುಂದೆ ಇರ್ತಾನೆ, ಹೊತ್ತಿಗೆ ಸರಿಯಾಗಿ ಬಿಸಿ ಊಟ ಮಾಡ್ತಾನೆ."

ಮರುದಿನ ಚಿಕ್ಕಮ್ಮ ನನ್ನನ್ನು ಕಚೇರಿಗೆ ಕರೆದೊಯ್ದಳು. ನಕ್ಷೆಯ ಆ ತಗ್ಗಿನ ಮೇಲೆ ಅಂಗೈ ಒತ್ತಿ ಬಹಳ ಹೊತ್ತು ನಿಂತಳು. ಆಮೇಲೆ ಚುಕ್ಕಿಯನ್ನು ದೂರದ ಎತ್ತರದ ಬಯಲಿಗೆ ಅಂಟಿಸಿದಳು.

"ಊಟ ಆರಿದ್ರೆ ಆರ್ಲಿ ಕಣೋ. ಬುತ್ತಿ ಕಟ್ಕೊಂಡು ಹೋಗು."

ಇದಕ್ಕೆ ಅಮ್ಮ ಅವಳ ಜೊತೆ ಮಾತು ಬಿಡುತ್ತಾಳೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಚಿಕ್ಕಮ್ಮ ಬಾಗಿಲ ಕಡೆ ತಿರುಗಿದಾಗ ನಾನು ಆ ತಗ್ಗಿನ ಮೇಲೆ ಕೈ ಇಟ್ಟು ನೋಡಿದೆ. ಬೆಚ್ಚಗಿತ್ತು. ಅವಳ ಅಂಗೈಯ ಬಿಸಿಯೇ ಇರಬೇಕು. ಆದರೂ ಸರಕ್ಕನೆ ಕೈ ತೆಗೆದೆ.