ಅವ್ವನ ಕಾರಿನ ಒರಟು ಬಣ್ಣ

ಬಾಗಲಕೋಟೆಯ ಗ್ಯಾರೇಜಿನಲ್ಲಿ ಕಾರಿನ ಬಾಗಿಲು ತೆಗೆದು ಒಳಗೆ ಬಗ್ಗಿದಾಗ ನನಗೆ ಮೊದಲು ಕಂಡಿದ್ದು ನನ್ನದೇ ಮುಖ. ಸ್ಟೇರಿಂಗಿನ ಹಿಂದಿನ ತಗಡಿನ ಡ್ಯಾಶ್‌ಬೋರ್ಡು ಹೊಸ ಸ್ಟೀಲ್ ತಾಟಿನ ಹಾಗೆ ಮಿಂಚುತ್ತಿತ್ತು. ಒಂದು ಕ್ಷಣ, ಇದು ಬೇರೆ ಯಾರದೋ ಗಾಡಿ ಎಂದೇ ಅಂದುಕೊಂಡೆ.

"ಏನ್ರಿ ಇದು?" ಎಂದೆ.

"ಹೆಂಗ ಆಗೈತ್ರಿ ಅಕ್ಕಾರ? ಹಳೇದು ಎಲ್ಲಾ ಕಾಳಕಾಳ ಇತ್ತು. ತಿಕ್ಕಿ ಸಪಾಟ ಮಾಡೀನಿ. ಈಗ ಮಾರಿ ಕಾಣತೈತಿ ನೋಡ್ರಿ," ಎಂದ ಪೇಂಟರ್, ಹೆಮ್ಮೆಯಿಂದ.

ಆ ಕಾಳುಕಾಳು ಬಣ್ಣವನ್ನು ಮುಟ್ಟಬೇಡ ಎಂದು ನಾನು ಅವನಿಗೆ ಹೇಳಿದ್ದೆ. ಬರೀ ಹೇಳಿರಲಿಲ್ಲ, ಅವನ ಬೆರಳನ್ನೇ ಅದರ ಮೇಲೆ ಆಡಿಸಿ ತೋರಿಸಿದ್ದೆ. ಎಡಗಡೆ ಬಿಸಿಲಿಗೆ ಎದ್ದುಹೋದ ಒಂದಿಷ್ಟು ಜಾಗಕ್ಕೆ ಮಾತ್ರ, ಉಳಿದದ್ದಕ್ಕೆ ಹೊಂದುವಂತೆ, ಅದೇ ಬೂದು ಹಸಿರು, ಅದೇ ಒರಟು ಹಚ್ಚಿಕೊಡಬೇಕು ಎಂದಿದ್ದೆ. ಅವನು ತಲೆಯಾಡಿಸಿದ್ದ.

"ನಾ ಹೇಳಿದ್ದು ಏನು, ನೀವು ಮಾಡಿದ್ದು ಏನು?"

"ನಿಮ್ಮ ಅಣ್ಣಾರಿಗೆ ಫೋನ್ ಹಚ್ಚಿ ಕೇಳಿದೆನ್ರಿ. ಮಿಂಚೂ ಹಂಗ ಮಾಡ್ರಿ ಅಂದ್ರು."

"ಗಾಡಿ ತಂದಾಕಿ ನಾನು. ಅಣ್ಣನ್ನ ಯಾಕ ಕೇಳಿದ್ರಿ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಗಂಡಸರಿಗೆ ಒಂದ್ ಮಾತ ಕೇಳಬೇಕಲ್ರಿ," ಎಂದ, ನನಗೇ ಸಮಾಧಾನ ಹೇಳುವವನ ಹಾಗೆ.

ಆ ಕಾರು ಕಾಗದದ ಮೇಲೆ ಅಪ್ಪನದು. ಓಡಿಸಿದವಳು ಅವ್ವ. ಇಳಕಲ್ಲಿನಲ್ಲಿ ನಮ್ಮದು ನೇಯ್ಗೆಯ ಮನೆ. ಮಗ್ಗದ ಲೆಕ್ಕಾಚಾರವೆಲ್ಲ ಅಪ್ಪನಿಗೆ ಬಾಯಿಪಾಠ, ಆದರೆ ಕಣ್ಣು ಮಂದ. ಇಟ್ಟುಕೊಂಡ ಡ್ರೈವರ್ ಬೇಕಾದಾಗ ಬಂದ, ಬೇಡವಾದಾಗ ಬಿಟ್ಟ. ಕೊನೆಗೆ ಅವ್ವನೇ ಕಲಿತಳು. ಸೀರೆಯ ಗಂಟುಗಳನ್ನು ಹಿಂದಿನ ಸೀಟಿಗೆ ಒತ್ತಿ, ಸೆರಗು ಬಿಗಿದು, ಹುನಗುಂದ, ಬಾಗಲಕೋಟೆ, ಬಾದಾಮಿಯ ಅಂಗಡಿಗಳಿಗೆ ಹೊರಡುತ್ತಿದ್ದಳು. ಪೆಟ್ರೋಲ್ ಪಂಪಿನಲ್ಲಿ ಒಬ್ಬ ಒಳಗೆಲ್ಲ ಇಣುಕಿ, "ಡ್ರೈವರ್ ಎಲ್ಲೆವ್ವಾ?" ಎಂದಾಗ, "ನಿನ್ನ ಮುಂದನ ಕುಂತೇನಿ" ಎಂದಿದ್ದು ನನಗೆ ನೆನಪಿದೆ. ಗಂಟುಗಳ ನಡುವೆ ಕೂತು ನಾನೂ ಅಣ್ಣನೂ ಶಾಲೆಗೆ ಹೋಗಿದ್ದು ಅದೇ ಕಾರಿನಲ್ಲಿ. ಸ್ಟೇರಿಂಗಿನ ಎಡಕ್ಕೆ ಅವ್ವ ಕೈ ಊರುತ್ತಿದ್ದ ಜಾಗದಲ್ಲಿ ಒರಟು ಸವೆದು ಅಂಗೈಯಗಲದ ನುಣುಪಾಗಿತ್ತು. ಪೇಂಟರ್ ಅದನ್ನೂ ತಿಕ್ಕಿದ್ದ. ಬಣ್ಣ ಮತ್ತೆ ಹಚ್ಚಬಹುದು. ಆ ಸವೆತವನ್ನು ಯಾವ ಗ್ಯಾರೇಜಿನವನು ತಂದುಕೊಡುತ್ತಾನೆ?

ಮಧ್ಯಾಹ್ನದ ಬಿಸಿಲಿನಲ್ಲಿ ಗಾಡಿ ಹೊರಗೆ ತಂದೆ. ಊರು ದಾಟಿದ್ದೇ ತಡ, ಮಿಂಚುವ ತಗಡಿನ ಬೆಳಕು ಮುಂದಿನ ಗಾಜಿಗೆ ಬಡಿದು ಕಣ್ಣು ಕೋರೈಸತೊಡಗಿತು. ಗಾಜಿನಾಚೆ ರಸ್ತೆ ಇದೆಯೋ ಇಲ್ಲವೋ ತಿಳಿಯದಷ್ಟು. ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ಮುಂದೆ ನಿಂತಿದ್ದು ನನಗೆ ಕಂಡಾಗ ಬ್ರೇಕ್ ಒತ್ತಲು ಮಾತ್ರ ಸಮಯವಿತ್ತು. ಗಾಡಿ ಓರೆಯಾಗಿ ಮಣ್ಣಿಗಿಳಿದು ನಿಂತಿತು. ಹುನಗುಂದದ ಹೈಸ್ಕೂಲಿನಲ್ಲಿ ಬೆಳಕಿನ ಪ್ರತಿಫಲನದ ಪಾಠ ಮಾಡುವವಳು ನಾನು. ಒರಟು ಬಣ್ಣ ಬೆಳಕನ್ನು ಚೆದುರಿಸುತ್ತದೆ, ಅದಕ್ಕೇ ಅದನ್ನು ಅಲ್ಲಿ ಹಚ್ಚಿದ್ದರು. ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ.

"ಮಗಳ ಮದುವಿಗೆ ಅದ ಗಾಡಿ ಬೇಕಲ್ಲ," ಎಂದ. "ಫೋಟೋದಾಗ ಚಂದ ಕಾಣಬೇಕು. ಅದಕ್ಕ ಹೇಳಿದೆ. ಸಣ್ಣ ಮಾತಿಗೆ ಇಷ್ಟ ಸಿಟ್ಟ ಯಾಕ?"

"ನನಗ ಒಂದ್ ಮಾತ ಕೇಳಿದ್ಯಾ?"

"ನಿನಗೇನ ಕೇಳೂದು? ಬಣ್ಣದಾಗ ನಿನಗೇನ ತಿಳಿತೈತಿ?"

ಫೋನ್ ಇಟ್ಟೆ. ಹಿಂದಿನ ಸೀಟಿನ ಮೇಲೆ ಅವ್ವನ ಹಳೆಯ ಶಾಲು ಇತ್ತು; ಅದನ್ನೇ ಡ್ಯಾಶ್‌ಬೋರ್ಡಿಗೆ ಹೊದಿಸಿ ಇಳಕಲ್ಲಿಗೆ ಬಂದೆ.

ಪೇಂಟರನ್ನು ಮತ್ತೆ ಕೇಳಿದ್ದಕ್ಕೆ, ಅಂಥ ಬಣ್ಣ ಈಗ ಬರುವುದೇ ಇಲ್ಲ ಎಂದ. ಒರಟು ಬಣ್ಣದ ಸ್ಪ್ರೇ ಡಬ್ಬಿ ತರಿಸಿ ನೋಡಿದೆ. ಸಜ್ಜಿ ರೊಟ್ಟಿಗೆ ಎಳ್ಳು ಒತ್ತಿದ ಹಾಗೆ ದಪ್ಪ ದಪ್ಪ ಗುಳ್ಳೆ ಬಂತು. ಅಂದೇ ನಿಶ್ಚಯಿಸಿದೆ, ಇದನ್ನು ಇನ್ನು ಯಾರ ಕೈಗೂ ಕೊಡುವುದಿಲ್ಲ.

ಹಳೆಯ ಬಣ್ಣ ಒಂದೇ ಕಡೆ ಉಳಿದಿತ್ತು, ಡ್ಯಾಶ್‌ಬೋರ್ಡಿನ ಸಾಮಾನಿಡುವ ಪೆಟ್ಟಿಗೆಯ ಮುಚ್ಚಳದ ಒಳ ಅಂಚಿನಲ್ಲಿ. ಪೇಂಟರನ ಕೈ ಅಲ್ಲಿಗೆ ಹೋಗಿರಲಿಲ್ಲ. ಆ ಮುಚ್ಚಳ ಬಿಚ್ಚಿಕೊಂಡು ಬಾದಾಮಿಗೆ ಹೋದೆ. ಅಲ್ಲಿ ಕಬ್ಬಿಣದ ಕಪಾಟು ಮಾಡುವವನೊಬ್ಬ ರವಿವಾರ ತನ್ನ ಕಂಪ್ರೆಸರನ್ನೂ ಬಣ್ಣ ಹೊಡೆಯುವ ಗನ್ನನ್ನೂ ನನಗೆ ಬಳಸಲು ಕೊಡುತ್ತೇನೆಂದು ಒಪ್ಪಿದ. "ಹುಚ್ಚ ಹಿಡದೈತೇನ್ರಿ ಟೀಚರ್ ನಿಮಗ? ಯಾರ ನೋಡ್ತಾರ ಇದನ್ನ?" ಎಂದು ನಕ್ಕು ಮನೆಗೆ ಹೋಗುತ್ತಿದ್ದ. ನಗಲಿ.

ರವಿವಾರಗಳು ಹಾಗೇ ಕಳೆದವು. ಬಣ್ಣ ತೆಳುವಾದರೆ ಕಾಳು ಬರಲಿಲ್ಲ, ಹರಡಿ ನುಣುಪಾಯಿತು. ದಪ್ಪವಾದರೆ ಗನ್ ಕಟ್ಟಿಕೊಂಡಿತು. ದೂರದಿಂದ ಹೊಡೆದರೆ ಬಾದಾಮಿಯ ಬಿಸಿಲಿಗೆ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬಿತ್ತು, ಒರೆಸಿದರೆ ಕೈಗೆ ಬಂತು. ಕೊನೆಗೆ ತಿಳಿದದ್ದು ಇಷ್ಟು: ಬಿಸಿಲೇರುವ ಮೊದಲು ಹಚ್ಚಬೇಕು, ಮೊದಲು ಎಂದಿನ ಹಾಗೆ ಒಂದು ಪದರ, ಆಮೇಲೆ ಬಣ್ಣ ದಪ್ಪ ಮಾಡಿ, ಗಾಳಿಯ ಒತ್ತಡ ತಗ್ಗಿಸಿ, ಗನ್ ಉಗುಳುವ ಹಾಗೆ ಚಿಮುಕಿಸಬೇಕು. ಬಣ್ಣ ಹಸಿಯಿದ್ದಾಗ ಒಂದು ಥರ ಕಾಣುತ್ತದೆ, ಒಣಗಿದ ಮೇಲೆ ಇನ್ನೊಂದು ಥರ. ಅದಕ್ಕೆ ಹಚ್ಚಿ ನೋಡಿದ ಪ್ರತಿ ತಗಡಿನ ತುಂಡನ್ನೂ ಒಣಗಿಸಿ, ಮುಚ್ಚಳದ ಪಕ್ಕ ಹಿಡಿದು, ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದೆ. ಯಾವುದು ಹಳೆಯದು, ಯಾವುದು ನನ್ನದು ಎಂದು ಬೆರಳಿಗೆ ತಿಳಿಯದ ದಿನ ಬಂದಾಗ ಸಂತೋಷವೇನೂ ಆಗಲಿಲ್ಲ. ಇಷ್ಟೆಲ್ಲ ಮಾಡಬೇಕಾಗಿ ಬಂತಲ್ಲ ಎಂಬ ಸಿಟ್ಟೇ ಇನ್ನೂ ಹೆಚ್ಚಾಯಿತು. ಅದೇ ಸಿಟ್ಟಿನಲ್ಲಿ ಗಾಡಿಯನ್ನು ಅಲ್ಲಿಗೆ ಒಯ್ದು ಮಿಂಚುವ ಬಣ್ಣವನ್ನು ಕೆರೆದು ತೆಗೆದೆ, ಬೆರಳ ತುದಿಗಳು ಸುಲಿದವು. ಒರಟನ್ನು ಹಚ್ಚಿದೆ.

ಗಾಡಿ ಮನೆಗೆ ತಂದ ದಿನ ಅವ್ವ ಸ್ಟೇರಿಂಗಿನ ಮುಂದೆ ಕೂತು ಡ್ಯಾಶ್‌ಬೋರ್ಡಿನ ಉದ್ದಕ್ಕೂ ಕೈಯಾಡಿಸಿದಳು. "ಹೂಂ. ಇದು ನನ್ನ ಗಾಡಿ," ಎಂದಳು. ಆಮೇಲೆ, "ಗ್ಯಾರೇಜಿನಾಂವ ಕ್ಲಚ್ ಭಾಳ ಬಿಗಿ ಮಾಡ್ಯಾನ, ಅದನ್ನೂ ನೋಡ," ಎಂದಳು.

ಅಣ್ಣನ ಮಗಳ ಮದುವೆ ಬಾದಾಮಿ ಹತ್ತಿರದ ಬನಶಂಕರಿಯಲ್ಲಿ. ಗಾಡಿ ಕೇಳಲು ಬಂದ ಅಣ್ಣ ಒಳಗೆ ನೋಡಿ ಮುಖ ಸಿಂಡರಿಸಿದ. "ಮತ್ತ ಹಳೇ ಹಂಗ ಮಾಡೀದಿ?"

"ಗಾಡಿ ಬರತೈತಿ. ನಾ ಓಡಸ್ತೇನಿ," ಎಂದೆ.

"ಮದುಮಕ್ಕಳ ಗಾಡಿ ಹೆಣ್ಮಗಳು ಓಡಸೂದಾ? ಮಂದಿ ಏನಂದಾರು?"

ಬಾಗಿಲಲ್ಲಿ ನಿಂತಿದ್ದ ಅವ್ವ, "ನಿನ್ನ ಸಾಲಿಗೆ ಒಯ್ದಾಕಿ ಯಾರಲೇ?" ಎಂದಳು. ಅವನು ಚಪ್ಪಲಿ ಮೆಟ್ಟಿ ಹೊರಟ. ಬೇರೆ ಗಾಡಿ ಗೊತ್ತುಮಾಡಿದ.

ನಾನೂ ಅವ್ವನೂ ನಮ್ಮ ಗಾಡಿಯಲ್ಲೇ ಹೋದೆವು. ಮಂಟಪದ ಹೊರಗೆ ಗಂಡಿನ ಕಡೆಯವರು ಕಾರಿನ ಸುತ್ತ ನೆರೆದರು. ಒಬ್ಬ ಹಿರಿಯರು ಒಳಗೆ ಬಗ್ಗಿ, "ಕಂಪನಿ ಬಣ್ಣ ಇನ್ನೂ ಹಂಗ ಐತಲ್ರಿ!" ಎಂದರು.

"ಹೌದ್ರಿ, ನಾವು ಮುತುವರ್ಜಿಲೆ ರಿಪೇರಿ ಮಾಡಿಸೀವಿ," ಎಂದ ಅಣ್ಣ.

ನನಗೆ ಮೈಯೆಲ್ಲ ಉರಿಯಿತು. "ಮಾಡಿಸಿದ್ದಲ್ರಿ," ಎಂದೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. "ಮಾಡಿದ್ದು. ನಾ ಮಾಡಿದ್ದು. ಇವ ತಿಕ್ಕಿಸಿ ಹಾಳ ಮಾಡಿಸಿದ್ದ."

ಹಿರಿಯರು ಕನ್ನಡಕ ಸರಿಮಾಡಿಕೊಂಡು ನೆಲ ನೋಡಿದರು. ಮದುವೆ ಮನೆಯಲ್ಲಿ ಹೀಗಾ ಮಾತಾಡುವುದು ಎಂದು ಅತ್ತಿಗೆ ಆಮೇಲೆ ಬೈದಳು. ಆ ದಿನ ಬೇರೆ ಮಾತು ಹೊಂದುತ್ತಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಅಕ್ಷತೆ ಹಾಕಿ, ಮದುಮಗಳಿಗೆ ಸೀರೆ ಕೊಟ್ಟು, ಅವ್ವನ ಜೊತೆ ಊಟ ಮಾಡಿ ಹೊರಟೆ. ಅಣ್ಣ ದೀಪಾವಳಿಗೂ ಬರಲಿಲ್ಲ. ಗಾಡಿ ಕೇಳುವುದನ್ನಂತೂ ಬಿಟ್ಟಿದ್ದಾನೆ.