ಕಾಡಿನಿಂದ ಮಕ್ಕಳನ್ನು ಕರೆತಂದ ಹನುಮಂತಮ್ಮ

ಬೆಳಕು ಹರಿಯುವ ಹೊತ್ತು. ಹನುಮಂತಮ್ಮ ಆಡಿನ ಕೊಟ್ಟಿಗೆಯ ತಡಿಕೆ ಸರಿಸಿ, ಮರಿಗಳನ್ನು ಹಾಲಿಗೆ ಬಿಡುತ್ತಾರೆ. ಕುಂಟುವ ಆಡೊಂದರ ಗೊರಸಿನಿಂದ ಮುಳ್ಳು ಕೀಳುತ್ತಾರೆ. ಅಷ್ಟರಲ್ಲಿ ಹಾರೋಹಳ್ಳಿಯ ಕಾರ್ಖಾನೆಗಳ ಕಡೆಯಿಂದ ಮೊದಲ ಪಾಳಿಯ ಸೈರನ್ ಕೇಳಿಸುತ್ತದೆ. ಮೊದಲೆಲ್ಲ ಮನೆ ಹಿಂದೆಯೇ ಮೇವಿತ್ತು. ಈಗ ಅಲ್ಲಿ ಕಾಂಪೌಂಡುಗಳೆದ್ದಿವೆ. ಕಾಡಂಚು ಸೇರಬೇಕಾದರೆ ಸುತ್ತಿ ಬಳಸಿ ಹೋಗಬೇಕು.

"ಆಡಿಗೇನು, ನಡೀತವೆ. ನನ್ ಮಂಡಿದೇ ತಾಪತ್ರಯ," ಎಂದು ನಗುತ್ತಾರೆ.

ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಈಕೆ ಆಡು ಮೇಯಿಸಿಯೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವರು. ಪಕ್ಕದ ಬಾಡಿಗೆ ಮನೆಯಲ್ಲಿರುವುದು ಬದ್ರುನ್ನೀಸಾ ಮತ್ತು ಸಮದ್ ದಂಪತಿ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವರು ಕಾರ್ಖಾನೆ ಕೆಲಸ ಸಿಕ್ಕಿ ಇಲ್ಲಿಗೆ ಬಂದಿದ್ದಾರೆ. ಅವರ ಮಗಳು ತಸ್ಲೀಮಾ ಮತ್ತು ಅವಳ ಪುಟ್ಟ ತಮ್ಮ ಅಜರ್‌ಗೆ ಆಡಿನ ಮರಿಗಳೆಂದರೆ ಪ್ರಾಣ.

ಕಳೆದ ವರ್ಷ, ಅಂದರೆ 2006ರ ಒಂದು ಮಧ್ಯಾಹ್ನ, ಅವರು ಆಡಿಸುತ್ತಿದ್ದ ಮರಿ ಕೈತಪ್ಪಿ ಕಾಡಿನತ್ತ ಓಡಿತು. ಮಕ್ಕಳು ಅದರ ಹಿಂದೆ ಓಡಿದ್ದನ್ನು ಕಂಡವರಿದ್ದಾರೆ. ಸಂಜೆಗೆ ಮರಿ ತಾನಾಗಿ ಕೊಟ್ಟಿಗೆಗೆ ಮರಳಿತು. ಮಕ್ಕಳು ಮರಳಲಿಲ್ಲ.

ಊರವರು, ಪೊಲೀಸರು, ಪಾಳಿ ಮುಗಿಸಿ ಬಂದ ಕಾರ್ಮಿಕರು ಎಲ್ಲರೂ ಹುಡುಕಿದರು. ಆನೆಯ ಭಯಕ್ಕೆ ತಮಟೆ ಬಡಿದರು, ಪಟಾಕಿ ಹೊಡೆದರು. ಎರಡು ರಾತ್ರಿ ಕಳೆದವು. ಕೂಗಿ ಕೂಗಿ ಬದ್ರುನ್ನೀಸಾರ ದನಿಯೇ ಹೊರಡದಾಯಿತು. ಹುಡುಕುವವರ ಜೊತೆಗೇ ಅಲೆಯುತ್ತಿದ್ದ ಹನುಮಂತಮ್ಮ ಮೂರನೆಯ ಬೆಳಿಗ್ಗೆ ಆ ಮರಿಯನ್ನು ಹೆಗಲಿಗೇರಿಸಿಕೊಂಡು ಹೊರಟರು.

"ಮರಿ ಕಳದ್‌ಬುಟ್ವಿ, ಬಯ್ತಾರೆ ಅಂತ ಎಲ್ಲೋ ಬಚ್ಚಿಟ್ಕಂಡವೆ ಅನ್ನುಸ್ತು. ಚಿಕ್ಕೋಳಾಗಿದ್ದಾಗ ನಾನೂ ಹಂಗೇ ಕುಂತಿದ್ದೆ."

ಸದ್ದು ಮಾಡದೆ ಒಸಿ ಹಿಂದೆ ಬನ್ನಿ ಎಂದು ಗಂಡಸರನ್ನು ಕೇಳಿಕೊಂಡು, ಬದ್ರುನ್ನೀಸಾರ ಕೈ ಹಿಡಿದು ನಡೆದರು. ತಾಯಾಡನ್ನು ಬಿಟ್ಟು ಬಂದ ಮರಿ ಅರಚುತ್ತಲೇ ಇತ್ತು. "ಮರಿ ಸಿಕ್ಕೈತೆ ಕಣವ್ವ, ಯಾರೂ ಬಯ್ಯಾಕಿಲ್ಲ," ಎಂದು ಇವರು ಕರೆಯುತ್ತಲೇ ಇದ್ದರು. ಹಳ್ಳ ದಾಟಿದ ಮೇಲೆ ಬಂಡೆಯೊಂದರ ಅಡಿಯಿಂದ ತಸ್ಲೀಮಾ ತೆವಳಿಕೊಂಡು ಹೊರಬಂದಳು.

"ಇದು ನಮ್ ಮರೀನೇನಾ, ಅಜ್ಜಿ?" ಅದು ಅವಳ ಮೊದಲ ಮಾತು.

ಒಳಗೆ ಅವಳ ದುಪಟ್ಟಾ ಹೊದ್ದು ಅಜರ್ ಮಲಗಿದ್ದ. ಬಂಡೆಯ ಗುಳಿಯಲ್ಲಿ ನಿಂತಿದ್ದ ನೀರು ಮತ್ತು ಕಾರೆ ಹಣ್ಣು ಇಬ್ಬರನ್ನೂ ಉಳಿಸಿದ್ದವು. ತಮಟೆ ಸದ್ದಿಗೆ ಬೆದರಿ ತಮ್ಮನ ಬಾಯಿ ಮುಚ್ಚಿ ಕೂತಿದ್ದಳಂತೆ ಅಕ್ಕ. ಇದನ್ನು ಹೇಳುವಾಗ ಹನುಮಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಹುಡುಗನ ಮೈ ತಣ್ಣಗಿತ್ತು. ಆಮ್ಯಾಕೆ ಮೂಗು ಉಜ್ಕಂಡ. ನಂಗೆ ಜೀವ ಬಂತು."

ಮಾರನೆಯ ದಿನದ ಪತ್ರಿಕೆಯ ಫೋಟೋದಲ್ಲಿ ಇವರಿಲ್ಲ. ಕಟ್ಟಿಹಾಕಿದ್ದ ಆಡುಗಳು ಹಸಿದಿವೆಯೆಂದು ಅಷ್ಟರಲ್ಲಾಗಲೇ ಮನೆಗೆ ಹೊರಟುಹೋಗಿದ್ದರು.

ಆಮೇಲೆ ಬದ್ರುನ್ನೀಸಾ ತಿಂಗಳುಗಟ್ಟಲೆ ಕೆಲಸಕ್ಕೆ ಹೋಗಲಿಲ್ಲ. ಮಕ್ಕಳನ್ನು ಒಳಗೇ ಕೂರಿಸಿ ಚಿಲಕ ಹಾಕಿಕೊಳ್ಳುತ್ತಿದ್ದರು. ಒಂದು ದಿನ ತಾವಾಗಿಯೇ ಇಬ್ಬರನ್ನೂ ಹನುಮಂತಮ್ಮನ ಜಗಲಿಗೆ ತಂದು ಕೂರಿಸಿದರು. ಈಗ ತಾಯಿಗೆ ಪಾಳಿ ಇರುವಾಗಲೆಲ್ಲ ಮಕ್ಕಳು ಇಲ್ಲೇ.

ಏನು ಬೇಕು ಎಂದು ಕೇಳಿದರೆ, ಕಾಂಪೌಂಡುಗಳ ನಡುವೆ ಆಡು ಹೋಗುವಷ್ಟು ದಾರಿ ಉಳಿದರೆ ಸಾಕು ಎನ್ನುತ್ತಾರೆ ಹನುಮಂತಮ್ಮ. ಮಕ್ಕಳ ಮಾತು ಬಂದಾಗ ಮಾತ್ರ ಒಂದಿಷ್ಟು ನೆಟ್ಟಗೆ ಕೂರುತ್ತಾರೆ.

"ನಮ್ಮನೇಲಿ ಬುಟ್ ಹೋಗುವಾಗ ಬದ್ರುನ್ನೀಸಾ ತಿರುಗಿ ನೋಡಾಕಿಲ್ಲ. ಸೀದಾ ಕೆಲ್ಸಕ್ಕೋಯ್ತಾಳೆ."