ನನ್ನ ಡಬ್ಬಿಯಲ್ಲಿ ಅಕ್ಕನ ಹುಳ

ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರನಾಗಿ ಹನೂರು, ಕೊಳ್ಳೇಗಾಲ, ಯಳಂದೂರು ಎಂದು ಸುತ್ತಿ ಸುತ್ತಿ ನಿವೃತ್ತನಾದವನು ನಾನು. ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತಾ ಕೂತವನ ಹತ್ತಿರವೇ ಟಿಕೆಟ್ ಇರುವುದಿಲ್ಲ ಎಂಬುದು ಆ ಕೆಲಸ ಕಲಿಸಿದ ಮೊದಲ ಪಾಠ. ಕೆಲಸ ಬಿಟ್ಟರೂ ಆ ಗುಣ ಬಿಡಲಿಲ್ಲ. ತರಕಾರಿಯವನ ತಕ್ಕಡಿ, ಹಾಲಿನವನ ಅಳತೆ, ಕೊನೆಗೆ ನೆಂಟರ ನಗು, ಎಲ್ಲದರ ಮೇಲೂ ಅನುಮಾನ. ಊರಿನವರು ನನ್ನನ್ನು ಕಂಡರೆ ಮಾತು ಕಮ್ಮಿ ಮಾಡುತ್ತಿದ್ದರು, ಅದೂ ನನಗೆ ಅನುಮಾನವೇ.

ಕಂಬಳಿಹುಳ ಸಾಕುವ ಹುಚ್ಚು ಹಿಡಿದದ್ದೂ ಹೀಗೆಯೇ. ಹಿತ್ತಲಿನ ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಿತ್ತು. ಮರುದಿನ ನೋಡಿದರೆ ಅದೇ ಹಿಕ್ಕೆ ಪಕ್ಕದ ಎಲೆಯಲ್ಲಿತ್ತು. ಹಿಕ್ಕೆ ನಡೆಯುತ್ತದೆಯೇ? ಕಡ್ಡಿಯಿಂದ ಮುಟ್ಟಿದೆ, ತಲೆಯಿಂದ ಎರಡು ಕೆಂಪು ಕೊಂಬು ಹೊರಗೆ ಬಂದು ಹುಳಿ ವಾಸನೆ ಹೊಡೆಯಿತು. ಟಿಕೆಟ್ ಇಲ್ಲದೆ ಕೂತಿದ್ದ ಹುಳ ಅದು. ಅದನ್ನು ಮಿಠಾಯಿ ಡಬ್ಬಿಯಲ್ಲಿಟ್ಟು ಸೊಪ್ಪು ಹಾಕಿದೆ. ಹಸಿರಾಯಿತು, ಗೂಡಿಗೆ ಕೂತಿತು, ಒಂದು ಬೆಳಗ್ಗೆ ಕಪ್ಪು ಹಳದಿ ಚಿಟ್ಟೆಯಾಗಿ ಕಿಟಕಿಯಿಂದ ಹೋಯಿತು. ಆಮೇಲೆ ಎಕ್ಕದ ಗಿಡದ ಪಟ್ಟೆ ಹುಳ, ಕಣಗಿಲೆಯ ಹುಳ, ಔಡಲದ ಹುಳ ಎಂದು ಜಗಲಿಯ ತುಂಬ ಡಬ್ಬಿಗಳಾದವು. ಎಲ್ಲವೂ ರಸ್ತೆ ಬದಿಯವು, ಬೇಲಿಯವು. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಒಂದು ಎಲೆಯನ್ನೂ ಮುಟ್ಟಿದವನಲ್ಲ, ಅಲ್ಲಿನ ಅರಣ್ಯ ಇಲಾಖೆಯವರು ನನಗಿಂತ ಅನುಮಾನದವರು.

ನಮ್ಮ ಅಂಗಳದ ಆ ಕಡೆ ಅಕ್ಕನ ಮನೆ. ಅದಕ್ಕೆ ಅಂಟಿಕೊಂಡೇ ಅವಳ ಹುಳದ ಮನೆ. ಮದುವೆಯಾದಾಗಿನಿಂದ ರೇಷ್ಮೆ ಹುಳ ಸಾಕಿದವಳು, ಆ ಮನೆಯಿಂದಲೇ ಮಗಳ ಮದುವೆ ಮಾಡಿದವಳು. ಬಾಗಿಲಲ್ಲಿ ಸುಣ್ಣದ ಪುಡಿ ತುಳಿಯದೆ ಯಾರೂ ಒಳಗೆ ಕಾಲಿಡುವಂತಿಲ್ಲ, ಕಿಟಕಿಗೆಲ್ಲ ಪರದೆ. ನನ್ನ ಡಬ್ಬಿಗಳನ್ನು ನೋಡಿ ಮೊದಮೊದಲು ನಗುತ್ತಿದ್ದಳು.

"ಯಾನ್ಲಾ ಇದು, ರೇಷ್ಮೆ ಗೂಡು ಕಟ್ದೇ ಇರೋ ಉಳಕ್ಕೆ ಸೊಪ್ಪು ಆಕ್ತಾ ಕೂತಿದ್ದೀಯೆ. ಕೆಲ್ಸ ಇಲ್ದೋನು ಬೇಲಿ ಕಾದನಂತೆ."

ನಗು ನಿಂತದ್ದು ಅವಳ ಹುಳದ ಮನೆಗೆ ಊಜಿ ಬಂದಾಗ. ಊಜಿ ಎಂದರೆ ಒಂದು ಬೂದು ನೊಣ. ರೇಷ್ಮೆ ಹುಳದ ಮೈಮೇಲೆ ಬಿಳಿ ಮೊಟ್ಟೆ ಇಡುತ್ತದೆ, ಮರಿ ಹುಳದೊಳಗೆ ಇಳಿದು ತಿನ್ನುತ್ತದೆ, ಇಳಿದ ಜಾಗದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಹುಳ ಹೇಗೋ ಗೂಡು ಕಟ್ಟಿದರೂ ಊಜಿಯ ಮರಿ ಗೂಡನ್ನು ತೂತು ಮಾಡಿ ಹೊರಗೆ ಬರುತ್ತದೆ. ತೂತಾದ ಗೂಡನ್ನು ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಎರಡು ಬೆಳೆ ಹೀಗೇ ಅರ್ಧ ಹಾಳಾದವು.

ಎರಡನೇ ಬೆಳೆ ಹಾಳಾದಾಗ ಅವಳು ನನ್ನ ಜಗಲಿಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಡಬ್ಬಿಗಳನ್ನೇ ನೋಡಿದಳು. ಆಗ ಒಂದರಲ್ಲಿ ನಾಲ್ಕಾರು ನೊಣ ಗುಂಯ್‌ಗುಡುತ್ತಿದ್ದವು. ಎಕ್ಕದ ಹುಳಕ್ಕೂ ಇಂಥ ನೊಣದ ಕಾಟವಿದೆ, ಚಿಟ್ಟೆ ಬರಬೇಕಾದ ಕಡೆ ನೊಣ ಬರುತ್ತದೆ.

"ನೊಣ ಬತ್ತಾವಲ್ಲಾ ನಿನ್ ಡಬ್ಬೀಲಿ."

"ಇದು ಊಜಿ ಅಲ್ಲ ಕಣಕ್ಕ. ಇದು ಚಿಕ್ಕದು, ಪಕ್ಕೇಲಿ ಕೆಂಪಿದೆ ನೋಡು. ನಿನ್ನದಕ್ಕೆ ಬೆನ್ನ ಮೇಲೆ ಗೆರೆ ಇರ್ತದೆ."

"ನೊಣ ನೊಣವೇ ಕಣ್ಲಾ. ಅದ್ರ ಬೆನ್ನು ನೋಡ್ತಾ ಕೂರಕ್ಕೆ ನಂಗೆ ಪುರ್ಸೊತ್ತಿಲ್ಲ. ಇದೊಂದ್ ಬೆಳೆ ನೋಡ್ತೀನಿ. ಇದೂ ಓದ್ರೆ ಸೊಪ್ಪಿನ ಗಿಡ ಎಲ್ಲಾ ಕೀಳ್ಸಿ ಕಬ್ಬು ಆಕಿಸ್ಬುಡ್ತೀನಿ. ಕುಂತೂರು ಫ್ಯಾಕ್ಟರಿಗೆ ಓಯ್ತದೆ, ನಂಗೂ ನೆಮ್ದಿ."

ಅವಳು ಕಬ್ಬು ಹಾಕಿ ನೆಮ್ಮದಿಯಾಗಿರುವ ಹೆಂಗಸಲ್ಲ. ಹುಳ ಸೊಪ್ಪು ತಿನ್ನುವ ಸದ್ದು ಕೇಳದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಅದಕ್ಕೆ ನಾನು ಕಾರಣನಾಗಬಾರದು ಎಂದುಕೊಂಡೆ. ಸಿಟ್ಟೂ ಬಂತು. ನೊಣಗಳನ್ನು ಅವತ್ತೇ ಕೊಂದೆ. ಡಬ್ಬಿಗಳನ್ನು ಹಿತ್ತಲ ಕೋಣೆಗೆ ಸಾಗಿಸಿ, ಎಲ್ಲದಕ್ಕೂ ಬಟ್ಟೆ ಕಟ್ಟಿದೆ. ಆದರೂ ಮನಸ್ಸಿನಲ್ಲಿ ಕೊರೆಯುತ್ತಿತ್ತು, ಅವಳು ಹೇಳಿದ್ದೇ ನಿಜವಾಗಿದ್ದರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ದಿನಾ ಭೂತಗನ್ನಡಿ ಹಿಡಿದು ನನ್ನ ಡಬ್ಬಿಗಳನ್ನೇ ತಪಾಸಣೆ ಮಾಡುತ್ತಿದ್ದೆ.

ಅಂಥ ಒಂದು ಬೆಳಗ್ಗೆ ಎಕ್ಕದ ಡಬ್ಬಿಯ ಬಟ್ಟೆಯ ಗಂಟು ಬೇರೆ ಥರ ಕಟ್ಟಿತ್ತು. ನನ್ನ ಗಂಟಲ್ಲ. ಬಿಚ್ಚಿದರೆ ಪಟ್ಟೆ ಹುಳಗಳ ನಡುವೆ ಬೆಳ್ಳಗೆ, ದಪ್ಪಗೆ ಏಳೆಂಟು ಹುಳ, ಪಕ್ಕದಲ್ಲಿ ಹಿಪ್ಪುನೇರಳೆ ಎಲೆ. ಕೊಳ್ಳೇಗಾಲದ ಕಡೆಯ ಮಗುವಿಗೂ ಗುರುತು ಸಿಗುವ ಹುಳ, ಅದಕ್ಕೆ ಪುಸ್ತಕ ಬೇಕಿಲ್ಲ. ಅಕ್ಕನ ಹುಳ, ನಾಲ್ಕನೇ ಜ್ವರ ಎದ್ದವು, ಅಂದರೆ ಕೊನೆಯ ಪೊರೆ ಕಳಚಿದವು.

ಸಾಕ್ಷಿಗೆ ಬಿಟ್ಟಿದ್ದಾಳೆ. ಇವುಗಳ ಮೈಮೇಲೆ ಕಪ್ಪು ಚುಕ್ಕೆ ಬಂದರೆ ನಾನು ಸಿಕ್ಕಿಬಿದ್ದ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಒಡಹುಟ್ಟಿದವಳು ಕದ್ದು ಬಂದು ನನ್ನ ಡಬ್ಬಿ ಬಿಚ್ಚುವುದೇ? ಮರುಕ್ಷಣ ಇನ್ನೊಂದು ಅನುಮಾನ ಬಂತು: ಊಜಿ ಮುಟ್ಟಿದ ಹುಳವನ್ನೇ ತಂದು ಬಿಟ್ಟಿದ್ದರೆ? ಒಂದೊಂದನ್ನೂ ತಿರುಗಿಸಿ ಮುರುಗಿಸಿ ನೋಡಿದೆ. ಬಿಳಿ ಮೊಟ್ಟೆಯಿಲ್ಲ, ಚುಕ್ಕೆಯಿಲ್ಲ. ಅಷ್ಟರ ಮಟ್ಟಿಗೆ ನ್ಯಾಯವಾಗಿ ನಡೆದುಕೊಂಡಿದ್ದಳು. ನಾನೂ ಗೊತ್ತಿಲ್ಲದವನ ಹಾಗೆ ಬಟ್ಟೆ ಕಟ್ಟಿ ಸುಮ್ಮನಾದೆ.

ಸುಮ್ಮನಿದ್ದರೆ ಅವು ಉಪವಾಸ ಸಾಯುತ್ತವೆ, ಎಕ್ಕ ತಿನ್ನುವ ಹುಳವಲ್ಲ. ಅವಳ ತೋಟದ ಅಂಚಿನಲ್ಲಿ ಕದ್ದು ಸೊಪ್ಪು ಕಿತ್ತೆ. ಸಂಜೆ ಟೀ ಕುಡಿಯುವಾಗ ಅವಳು ಕೇಳಿದಳು.

"ಸೊಪ್ಪು ಯಾರೋ ಕಿತ್ತವ್ರೆ ಕಣ್ಲಾ."

"ದನ ಇರ್ಬೋದು."

"ದನ ಒಳ್ಳೊಳ್ಳೆ ಎಲೇನೇ ನೋಡಿ ನೋಡಿ ಕಿತ್ತದಾ?"

"ಬುದ್ಧಿವಂತ ದನ ಇರ್ಬೋದು ಕಣಕ್ಕ."

ಅವಳು ಲೋಟದೊಳಗೆ ನೋಡುತ್ತಾ ಟೀ ಮುಗಿಸಿದಳು. ಅವಳಿಗೆ ಗೊತ್ತು, ನನಗೂ ಗೊತ್ತು, ಬಾಯಿ ಬಿಟ್ಟವರು ಸೋತ ಹಾಗೆ. ಮಾರನೆಯ ದಿನದಿಂದ ಕರಿಬೇವು ಬೇಕು, ಮಜ್ಜಿಗೆ ಬೇಕು ಎಂದು ನೆಪ ಹೇಳಿಕೊಂಡು ಹಿತ್ತಲ ಕೋಣೆಯ ಕಡೆ ಹೆಚ್ಚೇ ಸುಳಿದಾಡಿದಳು. ಹುಳಗಳು ತಿನ್ನುವುದು ಬಿಟ್ಟು ಹಣ್ಣಾಗಿ ಡಬ್ಬಿಯ ಮೂಲೆಯಲ್ಲಿ ತಿಳಿ ಹಳದಿ ಗೂಡು ಕಟ್ಟಿಕೊಂಡವು. ಒಂದರ ಮೇಲೂ ಚುಕ್ಕೆ ಬರಲಿಲ್ಲ. ಆ ಗೂಡು ನೋಡಿ ನನಗಾದ ಸಂತೋಷ ಯಾವ ಚಿಟ್ಟೆ ಬಂದಾಗಲೂ ಆಗಿರಲಿಲ್ಲ.

ಅದೇ ಹೊತ್ತಿಗೆ ಅವಳ ಹುಳಗಳೂ ಚಂದ್ರಿಕೆ ಹತ್ತಿದ್ದವು. ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟಲೆಂದು ಬಿಡುವ ದೊಡ್ಡ ಬಿದಿರ ತಟ್ಟೆ. ಅವಳ ಹಳೆಯವು ಮುರಿದಿದ್ದರಿಂದ ಮಗಳ ಅತ್ತೆಮನೆಯವರು, ಅಂದರೆ ಅವಳ ಬೀಗರು, ಈ ವರ್ಷ, ಮೊದಲ ಸಲ ಊಜಿ ಕಾಣಿಸುವುದಕ್ಕೆ ಮುಂಚೆಯೇ, ತಮ್ಮವನ್ನು ಕೊಟ್ಟಿದ್ದರು. ಗೂಡು ಬಿಡಿಸುವ ಮೊದಲೇ ಅವುಗಳಿಂದ ಊಜಿ ಮರಿಗಳು ಪಟಪಟನೆ ನೆಲಕ್ಕೆ ಬಿದ್ದವು. ಉಳಿದ ಗೂಡನ್ನು ಮಾರಿ ಬಂದವಳು ಹುಳದ ಮನೆಗೆ ಬೀಗ ಹಾಕಿದಳು. ಗಿಡ ಕೀಳಲು ಆಳಿಗೆ ಹೇಳಿದ್ದಾಳೆಂದು ಊರಿನವರಿಂದ ತಿಳಿಯಿತು. ತಮ್ಮನ ಡಬ್ಬಿಯಿಂದಲೇ ಊಜಿ ಬಂತು ಎಂದು ಬೀಗರಿಗೂ ಹೇಳಿದ್ದಾಳಂತೆ.

ಕೆಲವು ದಿನ ಕಳೆದ ಮೇಲೆ ಪೊರಕೆ, ಸೀಮೆಎಣ್ಣೆ ಹಿಡಿದುಕೊಂಡು ನೇರ ಹಿತ್ತಲ ಕೋಣೆಗೆ ಬಂದಳು. ಕೇಳದೆ ಬಟ್ಟೆ ಕಿತ್ತಳು. ಗೂಡುಗಳ ತುದಿ ತೂತಾಗಿತ್ತು.

"ನೋಡು. ಕಣ್ಬುಟ್ಟು ನೋಡು. ತೂತು. ಇನ್ನೇನ್ ಏಳೀಯೆ?"

"ಇನ್ನೂ ಸ್ವಲ್ಪ ಬಗ್ಗಿ ನೋಡಕ್ಕ."

ಡಬ್ಬಿಯ ಗೋಡೆಗೆ ಮಾಸಲು ಬಿಳಿಯ ದಪ್ಪ ಪತಂಗಗಳು ಅಂಟಿಕೊಂಡು ರೆಕ್ಕೆ ಬಡಿಯುತ್ತಿದ್ದವು. ಅವಳು ಮೂಗು ಮುರಿದಳು.

"ಇದ್ಯಾವ್ದೋ ನಿನ್ ಬೇಲಿ ಉಳದ್ದು."

"ಅಲ್ಲ. ನೀನು ಗಂಟು ಬಿಚ್ಚಿ ಬಿಟ್ಟು ಹೋದೆಯಲ್ಲ, ಅವೇ ಇವು. ಊಜಿ ಮಾಡಿದ ತೂತಲ್ಲ ಇದು, ಇವು ಹೊರಗೆ ಬಂದ ದಾರಿ. ನಿನ್ನ ಹುಳ ಕಣಕ್ಕ."

ಅವಳು ಪೊರಕೆ ಕೆಳಗಿಟ್ಟಳು. ಹುಳ ಚಿಟ್ಟೆಯಾಗುತ್ತದೆ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗೂಡು ಗಟ್ಟಿಯಾಗುತ್ತಿದ್ದಂತೆ ಮಾರುಕಟ್ಟೆಗೆ, ಅಲ್ಲಿಂದ ಬಿಸಿನೀರಿಗೆ. ಮೊಟ್ಟೆಯೊಡೆದ ಮರಿ ಬರುವುದೂ ಬೇರೆ ಕಡೆಯಿಂದ. ಆಯುಷ್ಯವಿಡೀ ಸಾಕಿದ್ದರ ಮುಖವನ್ನು ಅವಳು ನೋಡಿರಲಿಲ್ಲ. ಒಂದನ್ನು ಅಂಗೈಗೆ ಹತ್ತಿಸಿಕೊಂಡು ಬೆಳಕಿಗೆ ಹಿಡಿದಳು.

"ಆರಕ್ಕಿಲ್ವಾ ಇದು?"

"ಹಾರಲ್ಲ. ಬರೀ ಬಡೀತದೆ."

ಬಹಳ ಹೊತ್ತು ನೋಡಿದಳು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ, ಬೀಗರ ಚಂದ್ರಿಕೆ ಬಂದ ದಿನ ಸಂದುಗೊಂದು ನೋಡಿದ್ದೆಯಾ ಎಂದು.

"ನೋಡ್ದೆ," ಅಂದಳು. "ಬಂದ ದಿನಾನೇ ಸಂದೀಲಿ ಊಜಿ ಮರಿ ಕಾಯಿ ಕಟ್ಕಂಡು ಕೂತಿದ್ವು. ಕಡ್ಡೀಲಿ ಕೆರ್ದು ಸುಟ್ಟಾಕ್ದೆ. ಎಲ್ಲಾ ಸತ್ತೋದ್ವು ಅನ್ಕಂಡೆ."

"ಗೊತ್ತಿದ್ದೂ ನನ್ನ ಮೇಲೆ ಹೇಳಿದೆಯಾ? ಅತ್ತೆ ಮೇಲಿನ ಕೋಪ ಕೊತ್ತಿ ಮೇಲಾ?"

"ನಿನ್ ಡಬ್ಬೀಲೂ ಬರ್ಲಪ್ಪಾ ಅಂತ ದೇವ್ರಿಗೆ ಕೈ ಮುಗ್ದಿದ್ದೆ ಕಣ್ಲಾ. ಬಂದಿದ್ರೆ ನನ್ ಮನ್ಸು ಅಗುರಾಯ್ತಿತ್ತು. ಬೀಗ್ರ ಮೇಲೆ ಎಂಗ್ಲಾ ಏಳ್ಲಿ? ಮಗ್ಳು ಅಲ್ಲಿ ಬಾಳ್ಬೇಕಲ್ಲ. ನೀನಾದ್ರೆ ಬೈಸ್ಕಂಡು ಇಲ್ಲೇ ಇರ್ತೀಯೆ."

ನನಗೆ ನೋವಾಯಿತು. ಸುಳ್ಳು ಹೇಳುವುದಿಲ್ಲ, ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ನೋಡಿಯೂ ನೋಡದವಳಂತೆ ಪತಂಗವನ್ನು ಡಬ್ಬಿಗೆ ಬಿಟ್ಟು, ಬಟ್ಟೆಯನ್ನು ಸರಿಯಾಗಿ ಕಟ್ಟಿ ಹೋದಳು. ಗಿಡ ಕೀಳುವ ಆಳು ಬರಲಿಲ್ಲ. ಚಂದ್ರಿಕೆಗಳನ್ನು ಅವಳು ಹಿತ್ತಲಲ್ಲಿ ಸುಟ್ಟು, ಗೆದ್ದಲು ತಿಂದವು ಎಂದು ಬೀಗರಿಗೆ ಫೋನ್ ಮಾಡಿದಳು.

ಮುಂದಿನ ಬೆಳೆಗೆ ಹೊಸ ಚಂದ್ರಿಕೆ ತಂದಳು, ಗೂಡು ಚೆನ್ನಾಗಿ ಬಂತು. ಅದೇ ಸಮಯಕ್ಕೆ ಮಗಳನ್ನು ಬಿಡಲು ಬೀಗರು ಬಂದರು. ನನ್ನ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಆ ಹಿರಿಯರು ಮತ್ತೆ ಅಲ್ಲಿಗೇ ಬಂದಿದ್ದ ನನ್ನ ಡಬ್ಬಿಗಳ ಕಡೆ ಗಲ್ಲ ಎತ್ತಿ ತೋರಿಸಿದರು.

"ಆ ಊಜಿ ಇಲ್ಲಿಂದಾನೇ ಬಂದಿದ್ದಂತಲ್ಲಾ ಬೀಗ್ರೇ. ನಿಜವಾ?"

ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಪಕ್ಕದಲ್ಲಿ ಅವಳ ಮಗಳು. ಅಕ್ಕ ಮಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಹೌದು ಕಣ್ರಿ," ಅಂದೆ. "ನನ್ನ ಡಬ್ಬಿಯದೇ."